ಚಿನ್ನದ ಓಲೆಕಾರ

ಪ್ರಯೋಗಾಲಯದಲ್ಲಿ ಹಂದಿಯ ಹೃದಯವೊಂದನ್ನು ತೊಳೆದು ತೊಳೆದು, ಅದರ ಜೀವಕೋಶಗಳನ್ನೆಲ್ಲ ತೆಗೆದು, ಬರೀ ನಾರಿನ ಹಂದರ ಉಳಿಸಿಕೊಂಡರು. ಅದರ ಮೇಲೆ ಮನುಷ್ಯನ ಹೃದಯದ ಎಳೆಯ ಕೋಶಗಳನ್ನು ಬಿತ್ತಿದರು. ಕೋಶಗಳೇನೋ ಬದುಕಿದವು, ಆದರೆ ಒಂದೊಂದೂ ತನ್ನದೇ ತಾಳಕ್ಕೆ ಬಡಿದುಕೊಳ್ಳುತ್ತಿತ್ತು. ಅವುಗಳ ನಡುವೆ ಸುದ್ದಿ ಒಯ್ಯಲೆಂದು ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಹಂದರಕ್ಕೆ ಬೆರೆಸಿದರು. ಚಿನ್ನವು ಒಂದರ ಮಿಡಿತವನ್ನು ಕ್ಷಣದಲ್ಲಿ ಎಲ್ಲಕ್ಕೂ ಮುಟ್ಟಿಸಿತು. ಎಲ್ಲವೂ ಒಟ್ಟಿಗೆ ಮಿಡಿದವು.

"ನೋಡಿದೆಯಾ ಅಜ್ಜ, ನಿನ್ನ ಕೈಲಾಗದ್ದನ್ನು ನಾನು ಮಾಡಿದೆ" ಎಂದಿತು ಚಿನ್ನ.

"ನಿಜ, ನನ್ನದು ನಿಧಾನ" ಎಂದಿತು ಹಂದರ. "ಆದರೆ ಮೂಲೆಯ ಆ ಕೋಶಕ್ಕೆ ಹುಚ್ಚು ಹಿಡಿದಿದೆ. ಇಷ್ಟು ದಿನ ಅದರ ಮಿಡಿತ ನನ್ನ ನಾರಿನಲ್ಲೇ ಸೊರಗಿ ಅಡಗುತ್ತಿತ್ತು. ಅದೊಂದನ್ನು ಒಯ್ಯಬೇಡಪ್ಪ."

"ಒಯ್ಯುವುದು ನನ್ನ ಧರ್ಮ. ಸರಿಯೋ ತಪ್ಪೋ ಎಂದು ನೋಡಲು ನಾನು ಯಾರು?"

ಹುಚ್ಚು ಮಿಡಿತ ಎಲ್ಲಕ್ಕೂ ತಲುಪಿತು. ಪಕ್ಕದ್ದು ಹಾಗೆ ಬಡಿಯುತ್ತಿದೆಯೆಂದು ನೆಟ್ಟಗಿದ್ದ ಕೋಶವೂ ಹಾಗೇ ಬಡಿಯಿತು. "ನಿಲ್ಲಿಸು, ಸಾಯುತ್ತೇವೆ!" ಎಂದು ಒಂದು ಕೂಗಿತು. ಆ ಕೂಗನ್ನೂ ಚಿನ್ನ ಚಾಚೂ ತಪ್ಪದೆ ಎಲ್ಲಕ್ಕೂ ಮುಟ್ಟಿಸಿತು. ಗಾಬರಿಯಿಂದ ಅವು ಇನ್ನೂ ಜೋರಾಗಿ ಬಡಿದವು. ಬಡಿದು ಬಡಿದು ದಣಿದು ಸತ್ತವು.

ಬರಿದಾದ ಹಂದರದಲ್ಲಿ ಮೊದಲಿನಂತೆಯೇ ಹೊಳೆಯುತ್ತಿದ್ದ ಚಿನ್ನ ಕೇಳಿತು: "ಅಜ್ಜ, ಒಯ್ಯಲು ಇನ್ನೇನಾದರೂ ಸುದ್ದಿ ಇದೆಯೇ?"

"ಇದೆ" ಎಂದಿತು ಹಂದರ. "ಕೇಳುವವರು ಯಾರೂ ಉಳಿದಿಲ್ಲ."