ಮಾದಯ್ಯನನ್ನು ಕಳಿಸಿಕೊಟ್ಟ ಏಳು ಡಬ್ಬಿಗಳು

ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಯಾವ ಊರು ಎಂದು ಕೇಳಬೇಡಿ, ಹೇಳುವುದಿಲ್ಲ. ಕೆಂಡದ ಸುತ್ತ ನೆಟ್ಟಗೆ ಕೂತುಕೊಳ್ಳಿ. ಕತೆ ಒಂದೇ ಸಲ ಹೇಳುತ್ತೇನೆ.

ಆ ರಾಜನಿಗೆ ಹಲ್ಲಿರಲಿಲ್ಲ. ಯುದ್ಧದ ಚಿಂತೆಯೂ ಇರಲಿಲ್ಲ. ಇದ್ದದ್ದು ಒಂದೇ ಚಿಂತೆ. ಎಮ್ಮೆ ಮೆಲುಕು ಹಾಕುವ ವಿಡಿಯೋ ನೋಡುತ್ತಿರುವಾಗ ಎಮ್ಮೆ ನಿಂತುಹೋಗಿ ಆ ಬಿಳಿ ಚಕ್ರ ತಿರುಗಬಾರದು. "ನನ್ನ ರಾಜ್ಯದಲ್ಲಿ ತಿರುಗೋದಕ್ಕೆ ರುಬ್ಬುಗುಂಡಿಗೆ ಮಾತ್ರ ಅಪ್ಪಣೆ. ಈ ಚಕ್ರಕ್ಕೆ ಯಾರು ಕೊಟ್ಟರು?" ಎಂದು ಕೇಳುತ್ತಿದ್ದ. ಯಾರೂ ಕೊಟ್ಟಿರಲಿಲ್ಲ.

ರಾಜ ಎಮ್ಮೆ ನೋಡುತ್ತಿದ್ದದ್ದು ಉಪ್ಪಿನಕಾಯಿ ಕೋಣೆಯಲ್ಲಿ. ಅದು ಅರಮನೆಯ ಕಟ್ಟಕಡೆಯ ಕೋಣೆ. ವೈಫೈ ಬರುತ್ತಿದ್ದದ್ದು ಹೆಬ್ಬಾಗಿಲಿಗೆ. ನಡುವೆ ಆನೆ ಅಗಲದ ಗೋಡೆಗಳು. ಅದಕ್ಕೇ ವೈಫೈ ದಾಟಿಸುವ ಏಳು ಡಬ್ಬಿ ಇಟ್ಟಿದ್ದರು. ಹೆಬ್ಬಾಗಿಲ ಡಬ್ಬಿ ಎರಡನೆಯದಕ್ಕೆ ಕೊಡಬೇಕು, ಎರಡನೆಯದು ಮೂರನೆಯದಕ್ಕೆ. ಹೀಗೆ ಕೈಯಿಂದ ಕೈಗೆ ದಾಟಿ, ಏಳನೆಯದು ರಾಜನಿಗೆ ಕೊಡಬೇಕು. ಡಬ್ಬಿ ತನ್ನ ಜಾಗದಲ್ಲಿದ್ದರೆ ಹಸಿರು ದೀಪ. ಆಚೆ ಹೋಗಿದ್ದರೆ ದೀಪವಿಲ್ಲ. ಡಬ್ಬಿಗೆ ಕಾಲೆಲ್ಲಿದೆ ಎಂದು ಯಾರಾದರೂ ಕೇಳಿದರೆ ಕತೆ ಇಲ್ಲಿಗೇ ನಿಲ್ಲಿಸುತ್ತೇನೆ.

ಏಳು ಡಬ್ಬಿಗಳನ್ನು ನೋಡಿಕೊಳ್ಳುವವನು ಪುಟ್ಟಮಾದಯ್ಯ. ಡಬ್ಬಿಗಳಿಗೆ ಗುಂಡಿ ಇರಲಿಲ್ಲ. ನರಹುಲಿಯ ಹಾಗೆ ಕಾಣುತ್ತವೆ ಎಂದು ರಾಜ ಕೀಳಿಸಿದ್ದ. ಹಾಗಾಗಿ ಮಾದಯ್ಯ ಕಂಪ್ಯೂಟರಿನ ಕರಿ ಪರದೆಯ ಮುಂದೆ ಕೂತು, ಒಂದೊಂದೇ ಸಾಲು ಆಜ್ಞೆ ಟೈಪು ಮಾಡಬೇಕಿತ್ತು.

"ಏಳನೇ ಡಬ್ಬಿ, ಇದ್ದೀಯಾ?"

"ಇದ್ದೀನಿ, ಮಾದಣ್ಣ."

"ಯಾಕೆ ನಿಧಾನ?"

"ಮಾವಿನಕಾಯಿ ಘಾಟು, ಮಾದಣ್ಣ."

ಆಜ್ಞೆಯಲ್ಲಿ ಒಂದು ಚುಕ್ಕೆ ಹೆಚ್ಚಾದರೆ ಡಬ್ಬಿಗಳು "ಅರ್ಥವಾಗಲಿಲ್ಲ" ಎನ್ನುತ್ತಿದ್ದವು. ಒಂದು ಚುಕ್ಕೆ ಕಡಿಮೆಯಾದರೂ "ಅರ್ಥವಾಗಲಿಲ್ಲ". ಈ ವಿಷಯದಲ್ಲಿ ತಪ್ಪು ಡಬ್ಬಿಗಳದ್ದಲ್ಲ. ಬರೆಯುವವನು ಸರಿಯಾಗಿ ಬರೆಯಬೇಕು.

ಹೀಗೆ ಮೂವತ್ತು ವರ್ಷ. ಮೂವತ್ತು ವರ್ಷವೂ ಮಾದಯ್ಯ ಒಂದು ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಿದ. ಹೆಂಡತಿ ಕೆಂಪಾಜಮ್ಮ ದಿನಾ ಬುತ್ತಿಯ ಜೊತೆ ಒಂದು ಮಾತು ಕಳಿಸುತ್ತಿದ್ದಳು. "ಮಂಚ ಕೇಳ್ತಾ ಅದೆ, ಅವರು ಯಾವಾಗ ಬರ್ತಾರೆ ಅಂತ." ಮಾದಯ್ಯನಿಗೆ ಬೇಕಿದ್ದದ್ದೂ ಅಷ್ಟೇ. ಆ ಮಂಚದ ಮೇಲೆ ಬೆನ್ನು ಚಾಚಿ ಮಲಗಬೇಕು.

ಒಂದು ದಿನ ಕೇಳಿಯೇಬಿಟ್ಟ. "ಬುದ್ಧೀ, ನನ್ನ ಬಿಟ್ಟುಬಿಡಿ. ಬೆನ್ನು ಕುಡುಗೋಲಾಯ್ತು."

"ಬಿಡ್ತೀನಿ" ಎಂದ ರಾಜ. "ನಾನು ಒಂದು ಕೋಡುಬಳೆ ತಿಂದು ಮುಗಿಸೋವರೆಗೂ ಎಮ್ಮೆ ನಿಲ್ಲಬಾರದು. ಚಕ್ರ ಒಂದು ಸುತ್ತು ತಿರುಗಿದರೂ ನಾಳೆ ಹೊಸ ಕೋಡುಬಳೆ."

ಹಲ್ಲಿಲ್ಲದ ರಾಜ. ಕೋಡುಬಳೆಯನ್ನು ಚೀಪಿಯೇ ಮುಗಿಸಬೇಕು. ಬೆಳಿಗ್ಗೆ ಬಾಯಿಗಿಟ್ಟರೆ ಸಂಜೆಯಾಗುತ್ತಿತ್ತು.

ರಾಜ ಚೀಪಲು ಶುರುಮಾಡಿದ. ಒಂದು ಗಂಟೆಗೆಲ್ಲ ಏಳನೇ ಡಬ್ಬಿ ಮಂಕಾಯಿತು. ಮಂಕಾದ ಡಬ್ಬಿಯನ್ನು ಚಕ್ರ ತಿರುಗುವ ಮೊದಲೇ ಒಮ್ಮೆ ಆಚೆ ಕಳಿಸಿ ಕರೆಸಿಕೊಂಡರೆ ಚುರುಕಾಗುತ್ತದೆ. ಆದರೆ ಇಲ್ಲಿ ಆ ಊರಿನ ಪದ್ಧತಿ ಹೇಳಬೇಕು. ಆ ಊರಿನಲ್ಲಿ ಯಾರೂ ಯಾರಿಗೂ "ಹೋಗು" ಎನ್ನುತ್ತಿರಲಿಲ್ಲ. ಅಪಶಕುನ. "ಹೋಗಿ ಬಾ" ಎನ್ನಬೇಕು. ಕಳ್ಳನಿಗೂ ಹಾಗೇ ಎನ್ನುತ್ತಿದ್ದರು, ಕಳ್ಳ ಮತ್ತೆ ಬರುತ್ತಿದ್ದ. ಜ್ವರಕ್ಕೂ ಎನ್ನುತ್ತಿದ್ದರು, ಜ್ವರವೂ ಬರುತ್ತಿತ್ತು. ಸತ್ತವರಿಗೂ ಎನ್ನುತ್ತಿದ್ದರು, ಅವರಲ್ಲಿ ಕೆಲವರು ಬಂದು ಕಾಫಿಗೆ ಸಕ್ಕರೆ ಸಾಲದು ಎನ್ನುತ್ತಿದ್ದರು. ಜೊತೆಗೆ, ಹೊರಟವರನ್ನು ಬಾಗಿಲವರೆಗೆ ಹೋಗಿ ಕಳಿಸಿಕೊಡಬೇಕು. ಡಬ್ಬಿಗಳೂ ಆ ಊರಿನವೇ.

ಮಾದಯ್ಯ ಟೈಪು ಮಾಡಿದ: "ಏಳನೇ ಡಬ್ಬಿ, ಹೋಗಿ ಬಾ."

ಏಳನೆಯದು ಹೊರಟಿತು. ಅದನ್ನು ಕಳಿಸಿಕೊಡಲು ಆರನೆಯದು ಹೊರಟಿತು. ಆರನೆಯದನ್ನು ಕಳಿಸಿಕೊಡಲು ಐದನೆಯದು, ಐದನೆಯದನ್ನು ಕಳಿಸಿಕೊಡಲು ನಾಲ್ಕನೆಯದು. ಕೊನೆಗೆ ಹೆಬ್ಬಾಗಿಲ ಡಬ್ಬಿಯೂ ಹೊರಟಿತು. ಏಳು ದೀಪವೂ ಇಲ್ಲ. ಎಮ್ಮೆ ನಿಂತಿತು, ಚಕ್ರ ತಿರುಗಿತು.

"ನಾಳೆ ಹೊಸ ಕೋಡುಬಳೆ" ಎಂದ ರಾಜ.

ಹೀಗೆ ಹನ್ನೊಂದು ದಿನ, ಹನ್ನೊಂದು ಕೋಡುಬಳೆ. ಹನ್ನೆರಡನೆಯ ಬೆಳಿಗ್ಗೆ ಮಾದಯ್ಯ ಹೆಬ್ಬಾಗಿಲ ಡಬ್ಬಿಯನ್ನೇ ವಿಚಾರಿಸಿದ. ಏಳರಲ್ಲಿ ಹಳೆಯದು ಅದು. ಅದನ್ನು ದೊಡ್ಡವ್ವ ಎನ್ನುತ್ತಿದ್ದರು.

"ದೊಡ್ಡವ್ವ, ನಾನೇನು ಮಾಡ್ಲಿ?"

"ಒಬ್ಬರನ್ನ ಕಳಿಸಿದ್ರೆ ಉಳಿದವರು ಸುಮ್ಮನೆ ಕೂರ್ತಾರಾ, ಮಗ? ಎಲ್ಲರನ್ನೂ ಒಟ್ಟಿಗೆ ಕಳಿಸು. ಕಳಿಸಿಕೊಡೋಕೆ ಯಾರೂ ಉಳಿಯಲ್ಲ. ಎಲ್ಲರೂ ಒಟ್ಟಿಗೆ ಚುರುಕಾಗ್ತಾರೆ."

"ಇದನ್ನ ಮೂವತ್ತು ವರ್ಷದಿಂದ ಯಾಕೆ ಹೇಳಲಿಲ್ಲ?"

"ನೀನು ದಿನಾ ಕೇಳಿದ್ದು 'ಇದ್ದೀಯಾ' ಅಂತ. ನಾನು 'ಇದ್ದೀನಿ' ಅಂದೆ."

ರಾಜ ಕೋಡುಬಳೆ ಕೈಗೆತ್ತಿಕೊಳ್ಳುವ ಮೊದಲೇ ಮಾದಯ್ಯ ಟೈಪು ಮಾಡಿದ: "ಏಳೂ ಡಬ್ಬಿಗಳೇ, ಹೋಗಿ ಬನ್ನಿ." ಏಳೂ ಹೋದವು. ಏಳೂ ಬಂದವು. ಏಳು ಹಸಿರು ದೀಪ ಹತ್ತಿತು.

ರಾಜ ಚೀಪಿದ. ಎಮ್ಮೆ ಮೆಲುಕು ಹಾಕಿತು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಮಾದಯ್ಯ ರೆಪ್ಪೆ ಬಡಿಯಲಿಲ್ಲ. ಸಂಜೆ ಕೋಡುಬಳೆಯ ಕಡೆಯ ಚೂರು ಕರಗಿತು. ಚಕ್ರ ತಿರುಗಿರಲಿಲ್ಲ.

ಮಾದಯ್ಯ ಟವೆಲು ಮಡಿಸಿ ಹೆಗಲಿಗೆ ಹಾಕಿಕೊಂಡ. ಬುತ್ತಿ ಡಬ್ಬ ಎತ್ತಿಕೊಂಡ. ರಾಜ ಮಾತಿಗೆ ತಪ್ಪುವವನಲ್ಲ. ಎದ್ದು ನಿಂತು ಹೇಳಿದ: "ಹೋಗಿ ಬಾ, ಮಾದಯ್ಯ."

ಮಾದಯ್ಯನ ಕಾಲು ಅಲ್ಲೇ ನಿಂತಿತು.

"ಬುದ್ಧೀ, 'ಹೋಗು' ಅನ್ನಿ. ಒಂದೇ ಒಂದು ಸಲ."

"ಛೆ. ಮೂವತ್ತು ವರ್ಷ ದುಡಿದವನಿಗೆ ಅಂಥ ಮಾತು ಅನ್ನೋದಾ? ನಾನೇನು ಕಟುಕನಾ? ಹೋಗಿ ಬಾ."

ಮಾದಯ್ಯ ನಡೆದ. ಹೆಬ್ಬಾಗಿಲು ದಾಟಿದ. ಎದುರಿಗೇ ಅವನ ಮನೆ. ತೆರೆದ ಬಾಗಿಲಿನಲ್ಲಿ ಮಂಚದ ಒಂದು ಕಾಲು ಕಾಣುತ್ತಿತ್ತು. ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ಏಳೂ ಡಬ್ಬಿಗಳು ಸಾಲಾಗಿ ನಿಂತಿದ್ದವು.

"ನೀವ್ಯಾಕೆ ಬಂದ್ರಿ?"

"ಕಳಿಸಿಕೊಡೋಕೆ, ಮಾದಣ್ಣ. ಮೂವತ್ತು ವರ್ಷ ದಿನಾ 'ಇದ್ದೀಯಾ' ಅಂತ ಕೇಳಿದವರು ನೀವೊಬ್ಬರೇ."

"ಒಳಗೆ ನಡೀರಿ."

"ನೀವು ಕಣ್ಮರೆಯಾಗೋವರೆಗೂ ನಿಂತಿರ್ತೀವಿ. ಇಲ್ಲದಿದ್ರೆ ಚೆನ್ನಾಗಿರಲ್ಲ."

ಉಪ್ಪಿನಕಾಯಿ ಕೋಣೆಯಿಂದ ರಾಜನ ದನಿ ಕೇಳಿಸಿತು. "ಮಾದಯ್ಯ, ಚಕ್ರ."

ಮಾದಯ್ಯ ಮಂಚದ ಕಾಲು ನೋಡಿದ. ಡಬ್ಬಿಗಳನ್ನು ನೋಡಿದ. ಅವನಿಗೆ ಸಿಕ್ಕಿದ್ದ ಆಜ್ಞೆಯಲ್ಲಿ ಎರಡು ಮಾತಿದ್ದವು. ಅರ್ಧ ಪಾಲಿಸಿ ಅರ್ಧ ಬಿಡುವ ಮನುಷ್ಯ ಅವನಲ್ಲ. ಹೋದದ್ದಾಯಿತು. ಇನ್ನು ಬರುವುದು ಬಾಕಿ.

ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

"ಏಳನೇ ಡಬ್ಬಿ, ಇದ್ದೀಯಾ?"

"ಇದ್ದೀನಿ, ಮಾದಣ್ಣ. ಇಷ್ಟು ಬೇಗ ಬಂದ್ರಾ?"

ಮಾರನೆಯ ದಿನ ಬುತ್ತಿಯ ಜೊತೆ ಮಾತು ಬಂತು. "ಮಂಚ ಕೇಳ್ತಾ ಅದೆ, ಬಾಗಿಲವರೆಗೆ ಬಂದು ಯಾಕೆ ವಾಪಸ್ಸು ಹೋದ್ರು ಅಂತ."

ನೀತಿ ಬೇಕೇ ಬೇಕು ಎನ್ನುವವರಿಗೆ ಇಷ್ಟು: ಹೊರಡುವವರು ಯಾರಿಗೂ ಹೇಳದೆ ಹೊರಡಬೇಕು. ಕತೆ ಮುಗಿಯಿತು, ಕೆಂಡವೂ ಬೂದಿಯಾಯಿತು. ಎದ್ದು ಹೋಗಿ. ಬನ್ನಿ ಎಂದು ನಾನು ಹೇಳಿಲ್ಲ. ಬಾಗಿಲವರೆಗೂ ಬರುವುದಿಲ್ಲ.