ಮೊದಲವ್ವನ ಕಟ್ಟೆ

ಕರಡಿಹಾಳದ ಹತ್ತಿರ, ತುಂಗಭದ್ರೆ ಬಂಡೆಗಳ ನಡುವೆ ಸಪೂರವಾಗಿ ಹರಿಯುವ ಕಡೆ, ದಂಡೆಯ ದಿಬ್ಬದ ಮೇಲೆ ಒಂದು ಕಲ್ಲುಕಟ್ಟೆ ಇದೆ. ದೇವರಿಲ್ಲ, ಗೋಪುರವಿಲ್ಲ, ನೆರಳಿಗೊಂದು ಬೇವಿನ ಮರವಿದೆ. ಪಕ್ಕದ ಫಲಕದಲ್ಲಿ ‘ಪ್ರಾಚೀನ ಕಟ್ಟೆ, ಇತಿಹಾಸ ತಿಳಿದಿಲ್ಲ’ ಎಂದು ಬರೆದಿದೆ. ಊರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಫಲಕ ಬರೆಸಿದವರು ಕೇಳಿದಂತೆ ಕಾಣುವುದಿಲ್ಲ.

ಹಿಂದೆ ಹೊಳೆಯ ಆಚೆ ನಿಜಾಮನ ಸೀಮೆ, ಈಚೆ ಕಂಪನಿ ಸರಕಾರದ ಸೀಮೆ ಇತ್ತು. ಈ ದಿಬ್ಬ ಇನ್ನೊಬ್ಬರದೆಂದು ಎರಡೂ ಸರಕಾರಗಳು ನಂಬಿದ್ದವು. ಹಾಗಾಗಿ ಇಲ್ಲಿ ಬಹಳ ವರ್ಷ ನೆಮ್ಮದಿ ಇತ್ತು ಎನ್ನುತ್ತಾರೆ. ಆ ನೆಮ್ಮದಿಯಲ್ಲಿ ಗುಡಿಸಲು ಹಾಕಿಕೊಂಡವಳು ಹುಲಿಗೆವ್ವ. ಎಲ್ಲಿಂದಲೋ ಬಂದವಳು, ಕಂಕುಳಲ್ಲೊಂದು ಹೆಣ್ಣುಕೂಸು. ದಿಬ್ಬದಲ್ಲಿ ಜೋಳ ಬಿತ್ತಿ, ಹೊಳೆ ದಾಟುವವರಿಗೆ ಅಂಬಲಿ ಕೊಟ್ಟು, ಕೂಸು ಗಾಳೆವ್ವನನ್ನು ದೊಡ್ಡವಳನ್ನಾಗಿ ಮಾಡಿದಳು.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೆಳವರ ಬರಮಣ್ಣ ಎತ್ತಿನ ಮೇಲೆ ಬರುತ್ತಿದ್ದ. ಮನೆಮನೆಯ ಮುಂದೆ ಆ ಮನೆತನದ ವಂಶಾವಳಿ ಹಾಡಿ ಕಾಳು ಪಡೆಯುವುದು ಹೆಳವರ ಕಸುಬು. ಹುಲಿಗೆವ್ವನ ಮುಂದೆ ಮಾತ್ರ ಅವನಿಗೆ ಹಾಡಲು ಒಂದು ಹೆಸರೂ ತಿಳಿದಿರಲಿಲ್ಲ. ಅವಳೇ ಮೊರದಲ್ಲಿ ಜೋಳ ತರುತ್ತಿದ್ದಳು. “ನನ್ನ ವಂಶ ನಿನಗ ಹಾಡಾಕ ಆಗಲ್ಲ ಬಿಡಣ್ಣ. ಎತ್ತು ಹಸದೈತಿ, ಇಸ್ಕೋ.” ಹಾಡದೆ ಕಾಳು ಪಡೆದ ಮನೆ ಅವನ ಜನ್ಮದಲ್ಲಿ ಅದೊಂದೇ.

ಗಾಳೆವ್ವನನ್ನು ಕರಡಿಹಾಳದ ಚೌಡನಗೌಡನ ಮಗ ಮೆಚ್ಚಿದ. ಗೌಡ ಒಂದೇ ಮಾತು ಹೇಳಿದ: ಹೆಳವ ಬಂದು ಹೆಣ್ಣಿನ ವಂಶ ಹಾಡಲಿ, ಹಾಡಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಬರಮಣ್ಣ ಹಿಂದಿನ ದಿನವೇ ದಿಬ್ಬಕ್ಕೆ ಹೋದ.

“ಈ ಹುಡುಗಿ ಅಪ್ಪ ಯಾರವ್ವಾ?”

“ಗೊತ್ತಿಲ್ಲಣ್ಣ. ಹೊಳಿ ದಂಡ್ಯಾಗ ಕೂಸು ಒಂದ ಅಳತಿತ್ತು, ಎತ್ತಿಕೊಂಡೆ.”

ಅವನ ನಾಲಿಗೆಯ ಮೇಲೆ ನೂರಾರು ಮನೆತನಗಳ ಸತ್ತವರಿದ್ದರು. ಒಬ್ಬನನ್ನು ಇವಳಿಗೆ ಕೊಟ್ಟರೆ ಯಾರಿಗೂ ಕೊರತೆಯಾಗುತ್ತಿರಲಿಲ್ಲ. ಅವನು ಮೆಲ್ಲಗೆ ಹಾಗೆಂದೂ ಬಿಟ್ಟ. ಹುಲಿಗೆವ್ವ ಮಗಳ ತಲೆ ಬಾಚುತ್ತಲೇ ಹೇಳಿದಳು: “ಬ್ಯಾಡಣ್ಣ. ಸುಳ್ಳ ಅಪ್ಪನ್ನ ಕಟ್ಟಿ ಹ್ಯಾಂಗ ಕಳಸ್ಲಿ?”

ಮರುದಿನ ಊರೆಲ್ಲ ದಿಬ್ಬದಲ್ಲಿ ಸೇರಿತು. ಬರಮಣ್ಣ ಎತ್ತಿನಿಂದಿಳಿದು, ಕೇಳಿದ್ದನ್ನು ಕೇಳಿದಂತೆಯೇ ಹೇಳಿದ. ಗೌಡ ಮೀಸೆ ತಿರುವಿ ಎದ್ದ.

“ಹಂಗಾರ ವಂಶನ ಇಲ್ಲ ಅಂದಂಗಾತು!”

“ಕುಂದರ್ರಿ ಗೌಡ್ರ. ನಿಮ್ಮದು ಹನ್ನೊಂದು ತಲಿ ಹಾಡತೀನಿ. ಎಲ್ಲಾರಿಗಿಂತ ಹಿಂದಿನಾಂವ ಮಲ್ಲಗೌಡ. ಅವನ ಅಪ್ಪ ಯಾರು?”

ಗೌಡ ಯೋಚಿಸಿದ. “ನೀ ಎಂದೂ ಹೇಳಿಲ್ಲಲ್ಲೋ.”

“ನನ್ನ ಮುತ್ಯಾಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ‘ಇಲ್ಲಿಂದ ಮೊದಲು’ ಅಂತೀವ್ರಿ. ನಿಮ್ಮದು ಮಲ್ಲಗೌಡನಿಂದ ಮೊದಲು. ಈಕೀದು ಈ ಅವ್ವನಿಂದ ಮೊದಲು. ನಿಮ್ಮ ಮೊದಲಾಂವನ್ನ ನಾ ಕಂಡಿಲ್ಲ. ಈಕೀನ್ನ ಕಂಡೀನಿ, ಈಕಿ ಜ್ವಾಳ ಉಂಡೀನಿ.”

ಮೊದಲು ನಕ್ಕವಳು ಗೌಡನ ಹೆಂಡತಿ. ಆಮೇಲೆ ಗೌಡನಿಗೆ ಬೇರೆ ದಾರಿ ಉಳಿಯಲಿಲ್ಲ. ಬರಮಣ್ಣ ಹದಿನೆಂಟು ವರ್ಷದ ಬಾಕಿ ಹಾಡನ್ನು ಅಂದು ಹಾಡಿದ. ಒಂದೇ ಹೆಸರಿನ ವಂಶಾವಳಿಯಾದರೂ ಹೊತ್ತು ಇಳಿಯುವವರೆಗೆ ನಡೆಯಿತಂತೆ. ಮದುವೆಯ ಹಂದರ ಹಾಕಿದ ಜಾಗದಲ್ಲಿ ಗೌಡನೇ ಕಟ್ಟೆ ಕಟ್ಟಿಸಿದ.

ಈಗಲೂ ಸುತ್ತಲಿನ ಏಳೆಂಟು ಊರುಗಳ ಮನೆತನಗಳು ತಮ್ಮ ವಂಶವನ್ನು ಹುಲಿಗೆವ್ವನಿಂದಲೇ ಎಣಿಸುತ್ತವೆ. ಅವಳ ಹೊಟ್ಟೆಯಲ್ಲಿ ಒಬ್ಬರೂ ಹುಟ್ಟಿಲ್ಲವೆಂಬುದು ಯಾರಿಗೂ ತೊಡಕಾಗಿಲ್ಲ. ಹೆಳವರು ಬರುವ ದಿನ ಆ ಮನೆಗಳವರು ಹಾಡು ಕೇಳುವ ಮೊದಲೇ ಕಟ್ಟೆಯ ಮೇಲೆ ಒಂದು ಮೊರ ಜೋಳ ಇಡುತ್ತಾರೆ. ಎತ್ತಿನ ಕಾಲ ಹೋಯಿತು, ಹೆಳವರು ಮೋಟರ್‌ಸೈಕಲ್ ಮೇಲೆ ಬರುತ್ತಾರೆ. ಜೋಳ ಮಾತ್ರ ಎತ್ತಿಗೆಂದೇ ಇಡುವುದು.