ಚಂದ್ರಮಾವನ ಮೇಲೆ ರಾಗಿ ಮೂಟೆ

ಹೊಟ್ಟೆ ಹಿಡ್ಕೊಂಡು ಕೂತ್ಕೊಳ್ಳಿ, ನಕ್ಕು ಹುಣ್ಣಾದ್ರೆ ನನ್ನ ಕೇಳ್ಬೇಡಿ.

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಮರಿಮಾದ. ಎತ್ತಿನಂಥ ಮೈ, ತಲೆಯೊಳಗೆ ಬರೀ ಗಾಳಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ! ತಾಯಿಗೆ ಒಂದೇ ಆಸೆ. ಪಕ್ಕದೂರಲ್ಲಿದ್ದ ತಮ್ಮ ಚಂದ್ರನ ಮಗಳು ಹೊಂಬಾಳಿಯನ್ನು ಸೊಸೆ ಮಾಡ್ಕೋಬೇಕು. ಹೊಂಬಾಳಿಗೂ ಮರಿಮಾದನನ್ನು ಕಂಡರೆ ಇಷ್ಟವೇ. ಚಂದ್ರನಿಗೆ ಮಾತ್ರ ಅನುಮಾನ. "ಅಕ್ಕಯ್ಯಾ, ಹುಡುಗನ್ನ ಒಂದ್ಸಲ ಕಳಿಸು, ನೋಡೇ ಬಿಡ್ತೀನಿ" ಅಂದ.

ತಾಯಿ ಮಗನ ತಲೆ ಬಾಚಿ ಹೇಳಿದಳು: "ಮಗಾ, ಮಾವನ ಮುಂದೆ ತೂಕವಾಗಿರು ಕಣಪ್ಪಾ!"

"ಹೂಂ ಕಣವ್ವಾ!"

ಹೋಗುವ ದಾರಿಯಲ್ಲಿ ಕಲ್ಲು ಆರಿಸಿದ. ಜೇಬಿಗೆ ತುಂಬಿದ, ಪಂಚೆ ಮಡಿಲಿಗೂ ತುಂಬಿದ. ಮಾವನ ಜಗಲಿ ಹತ್ತಿ ಕೈಮುಗಿದ, ಪಂಚೆ ಜರ್ರನೆ ಕೆಳಗೆ!

"ಸಾಕಾ ಮಾವಾ ತೂಕ?"

"ಸಾಕಪ್ಪಾ, ಮೊದಲು ಪಂಚೆ ಎತ್ಕೊ!"

ಮನೆಗೆ ಬಂದ. ತಾಯಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ತೂಕ ಅಂದ್ರೆ ಕಲ್ಲೇನ್ಲಾ? ಮಾತಲ್ಲಿರ್ಬೇಕು ತೂಕ. ತೂಗಿ ತೂಗಿ ಮಾತಾಡ್ಬೇಕು!"

"ಮೊದಲೇ ಹಂಗೆ ಹೇಳ್ಬಾರ್ದಾ?"

ಮತ್ತೆ ಹೋದ. ಮಾವ ತೂಗುಮಣೆ ಮೇಲೆ ಕೂತು ಎಲೆಅಡಿಕೆ ಹಾಕ್ಕೊತಾ ಇದ್ದ. ಮರಿಮಾದ ಹಿಂದೆ ನಿಂತು ಮಣೆ ಹಿಡಿದ. "ಮಾವಾ" ಅಂದ, ಒಂದು ಸಲ ತೂಗಿದ. "ಚೆನ್ನಾಗಿ" ಅಂದ, ಇನ್ನೊಂದು ಸಲ ಜೋರಾಗಿ ತೂಗಿದ. "ಇದೀರಾ?" ಅನ್ನುವ ಹೊತ್ತಿಗೆ ಮಣೆ ಇಲ್ಲಿ, ಮಾವ ಹೊಸಿಲಾಚೆ! ಚೆನ್ನಾಗೇ ಇದ್ದ ಪಾಪ, ಆ ಗಳಿಗೆವರೆಗೂ.

ತಾಯಿ ಗೋಳಾಡಿದಳು. "ನೀನು ಮಾತೇ ಆಡ್ಬೇಡ ಕಣ್ಲಾ! ಬಾಯಿ ಮುಚ್ಕೊಂಡು ಈ ರಾಗಿ ಮೂಟೆ ಕೊಟ್ಟು ಬಾ. ಮಾವನ ಸಿಟ್ಟು ಇಳೀತದೆ."

ಹೊತ್ತ. ಅರ್ಧ ದಾರಿಗೆ ಬೆವರು ಕಿತ್ತುಕೊಂಡಿತು. ಸ್ಕೂಲ್ ಮೇಷ್ಟ್ರು ಸೈಕಲ್ ಮೇಲೆ ಎದುರಿಗೆ ಬಂದರು.

"ಮೇಷ್ಟ್ರೇ, ಈ ರಾಗಿ ಯಾಕಿಷ್ಟು ಭಾರ?"

"ಭೂಮಿ ಅದನ್ನ ತನ್ನ ಕಡೆಗೆ ಎಳೀತಾ ಇದೆ, ಅದಕ್ಕೇ ಭಾರ. ಇದೇ ಮೂಟೆ ಚಂದ್ರನ ಮೇಲಿಟ್ಟರೆ ಆರರಲ್ಲೊಂದು ಪಾಲು ಭಾರ, ಅಷ್ಟೇ. ಅಲ್ಲಿ ಎಳೆತ ಕಮ್ಮಿ."

"ಹಂಗಾದ್ರೆ ಮೂಟೇಲಿರೋ ರಾಗಿ ಕಮ್ಮಿ ಆಗೋಯ್ತದಾ?"

"ಒಂದು ಕಾಳೂ ಕಮ್ಮಿ ಆಗಲ್ಲ. ರಾಗಿ ಇದ್ದಷ್ಟೇ ಇರ್ತದೆ, ತೂಕ ಬದಲಾಗ್ತದೆ."

ಮೇಷ್ಟ್ರು ಸರಿಯಾಗೇ ಹೇಳಿದರು, ಅವರ ತಪ್ಪೇನಿಲ್ಲ. ಕೇಳಿದವನು ಮರಿಮಾದ, ತಪ್ಪು ಅಲ್ಲಿತ್ತು. ಓಡಿದ. ಮಾವ ಹಿತ್ತಿಲಲ್ಲಿ ಬಗ್ಗಿ ಕಾಲು ತೊಳೀತಿದ್ದ. ಬೆನ್ನ ಮೇಲೆ ಧೊಪ್ಪನೆ ಮೂಟೆ ಇಟ್ಟ!

"ಅಯ್ಯಪ್ಪಾ, ಸತ್ತೆ!"

"ಹಗುರ ಆಯ್ತಾ ಮಾವಾ?"

"ಭಾರ ಕಣೋ!"

"ಸುಳ್ಳು! ನನಗಂತೂ ಹಗುರ ಆಯ್ತು!"

ಮಾವನಿಗೆ ಭಾರ ಆಯ್ತಂತೆ ಅಂತ ಮೂಟೆಯನ್ನು ವಾಪಸ್ ಹೊತ್ತು ತಂದ ಬೇರೆ. ನಡೆದದ್ದು ಕೇಳಿ ತಾಯಿ ಕಣ್ಣಲ್ಲಿ ನೀರು ಹಾಕಿದಳು. "ಈ ಚಂದ್ರ ಅಲ್ಲ ಕಣ್ಲಾ ಮಂಕೇ! ಮೇಷ್ಟ್ರು ಹೇಳಿದ್ದು ಮೇಲಿರೋ ಚಂದ್ರ! ಮೇಲಿರೋನು! ಹೋಗು, ಮೂಟೆ ಕೊಟ್ಟು ಕಾಲಿಗೆ ಬೀಳು. ಇದೇ ಕೊನೆ. ಈ ಸಲ ಕೆಟ್ಟರೆ ಹೊಂಬಾಳಿ ನಮ್ಮ ಮನೆಗೆ ಬರಲ್ಲ!"

"ಮೊದಲೇ ಹಂಗೆ ಹೇಳ್ಬಾರ್ದಾ?"

ಮಗ ಹೊರಟ. ತಾಯಿಗೆ ಜೀವ ತಡೀಲಿಲ್ಲ, ಅವಳೂ ಹಿಂದೇನೇ ಹೊರಟಳು. ಇತ್ತ ಮೂಟೆ ಬರುವುದನ್ನು ದೂರದಿಂದಲೇ ಕಂಡ ಚಂದ್ರ ಕೊಟ್ಟಿಗೆ ಅಟ್ಟ ಹತ್ತಿ ಅವಿತುಕೊಂಡ.

"ಹೊಂಬಾಳಿ, ಮಾವ ಎಲ್ಲಿ?"

ಹುಡುಗಿಗೆ ಸುಳ್ಳು ಬರದು. "ಅಪ್ಪ ಮೇಲವ್ರೆ."

"ಮೇಲವ್ರಾ!" ಮರಿಮಾದನ ಮುಖ ಅರಳಿತು. ಏಣಿ ಹತ್ತಿದ.

"ಬೇಡ ಕಣೋ! ಬೇಡ ಕಣಪ್ಪೋ!"

ಧೊಪ್! ಅಟ್ಟದ ಬಿದಿರು ಲಟ್ಟೆಂದಿತು. ಕೆಳಗೆ ಮಾವ, ಬೆನ್ನ ಮೇಲೆ ಮೂಟೆ, ಮೂಟೆ ತಬ್ಬಿಕೊಂಡ ಅಳಿಯ, ಮೂವರೂ ಒಟ್ಟಿಗೇ ಕೆಳಕ್ಕೆ ಹೊರಟರು. ಬೀಳುತ್ತಲೇ ಮರಿಮಾದ ಕೇಳಿದ:

"ಈಗ ಹೆಂಗದೆ ಮಾವಾ?"

"ಈಗ ಭಾರವೇ ಇಲ್ಲ ಕಣೋ!" ಅಂದ ಚಂದ್ರ. ನಿಜವೇ ಮತ್ತೆ. ಹೊತ್ತವನೂ ಮೂಟೆಯೂ ಒಟ್ಟಿಗೇ ಬೀಳುವಾಗ ಯಾರಿಗೆ ಯಾರು ಭಾರ?

ಅಷ್ಟರಲ್ಲಿ ಕೆಳಗಿದ್ದ ಹುಲ್ಲಿನ ರಾಶಿ ಬಂತು. ದಢಾರ್! "ಬಂತು! ಭಾರ ವಾಪಸ್ ಬಂತು!" ಅಂತ ಮೂಟೆ ಅಡಿಯಿಂದ ಚಂದ್ರ ಕಿರುಚಿದ.

ಹೊಂಬಾಳಿ ನಕ್ಕಳು, ಕಂಬ ಹಿಡಿದು ನಕ್ಕಳು, ಕುಸಿದು ಕೂತು ನಕ್ಕಳು. "ಅಪ್ಪಾ, ಮದುವೆ ಅಂತಾದ್ರೆ ಇವನ್ನೇ! ದಿನಾ ನಕ್ಕೊಂಡಿರ್ತೀನಿ!"

ಏದುಸಿರು ಬಿಡುತ್ತಾ ದೊಡ್ಡತಾಯಮ್ಮನೂ ಬಂದಳು. ಮೂಟೆ ಅಡಿಯಿಂದಲೇ ಚಂದ್ರ ಕೈ ಎತ್ತಿದ. "ಸೋತೆ ಅಕ್ಕಯ್ಯಾ! ಇವತ್ತಿಂದ ನನ್ನ ಮಗಳ ಭಾರ ನಿನ್ನ ಮಗಂದೇ. ಅವನೇ ಹೊತ್ಕೊಳ್ಳಲಿ!"

ತಾಯಿ ಸಂತೋಷದಲ್ಲಿ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದಳು. ಕಣ್ಣು ಬಿಟ್ಟಿದ್ದರೆ ಮಗನನ್ನು ತಡೀತಿದ್ದಳೋ ಏನೋ. ಮರಿಮಾದ ಹೊಂಬಾಳಿಯನ್ನು ಅನಾಮತ್ತು ಎತ್ತೇಬಿಟ್ಟ. ಮುದ್ದೆ ತಿಂದು ಬೆಳೆದ ಹುಡುಗಿ, ಎರಡು ಹೆಜ್ಜೆಗೇ ಅವನಿಗೆ ಭಾರ ತಡೀಲಿಲ್ಲ. ಅತ್ತ ನೋಡಿದ, ಇತ್ತ ನೋಡಿದ. ನೆಟ್ಟಗೆ ಹೋಗಿ ಅವಳನ್ನು ಮಾವನ ಮೇಲಿದ್ದ ಮೂಟೆ ಮೇಲೆ ಕೂರಿಸಿದ.

"ಹಗುರ ಆಯ್ತು! ನೋಡವ್ವಾ, ಹೊಂಬಾಳಿ ಒಂಚೂರೂ ಕಮ್ಮಿ ಆಗಿಲ್ಲ!"